ಒಗ್ಗರಣೆ ಮಜ್ಜಿಗೆ

ನಮ್ಮ ಸೆಂಟರಿಗೆ ಫೋನ್ ಮಾಡುವವರು ಮೊದಲು ಕೇಳುವುದು ಒಂದೇ ಪ್ರಶ್ನೆ: ಎಷ್ಟು ಟೆಸ್ಲಾ? ಹೊಟ್ಟೆಯೋ, ಮೊಣಕಾಲೋ, ತಲೆಯೋ ಎನ್ನುವುದು ಆಮೇಲಿನ ಮಾತು. ಒಂದೂವರೆ ಎಂದರೆ, "ಅಚ್ಛಾ, ತೀನ್ ನಹೀ ಹೈ" ಎಂದು ಫೋನ್ ಇಟ್ಟುಬಿಡುತ್ತಾರೆ. ಟೆಸ್ಲಾ ಎಂದರೆ ಎಂಆರ್‌ಐ ಮಷೀನಿನ ಅಯಸ್ಕಾಂತದ ಬಲವನ್ನು ಅಳೆಯುವ ಲೆಕ್ಕ. ಕೇಳುವ ಹತ್ತು ಜನರಲ್ಲಿ ಒಬ್ಬರಿಗೂ ಅದು ಗೊತ್ತಿರುವುದಿಲ್ಲ. ಆದರೆ ಮೂರು ದೊಡ್ಡದು, ಒಂದೂವರೆ ಸಣ್ಣದು ಎಂದು ಎಲ್ಲರಿಗೂ ಗೊತ್ತು. ಮನುಷ್ಯನನ್ನು ಅವನ ಫ್ಲ್ಯಾಟಿನ ಬೆಡ್‌ರೂಮು ಎಣಿಸಿ ಅಳೆಯುವ ಊರಿದು, ಟೆಸ್ಲಾ ಬಿಟ್ಟಾರೆಯೇ?

ನಾನು ಹಸೀನಾ, ಎಂಆರ್‌ಐ ಟೆಕ್ನಿಶಿಯನ್. ಘಾಟ್ಕೋಪರ್ ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ಒಂದು ಹಳೆಯ ಸೊಸೈಟಿಯ ನೆಲಮಹಡಿಯಲ್ಲಿ ನಮ್ಮ ಸೆಂಟರ್. ಹದಿಮೂರು ವರ್ಷದಿಂದ ಇದೇ ಮಷೀನಿನ ಜೊತೆ ನನ್ನ ಸಂಸಾರ. ನನ್ನ ಮದುವೆಗಿಂತ ಒಂದು ವರ್ಷ ಹಳೆಯದು, ಗಂಡನಿಗಿಂತ ಹೆಚ್ಚು ಮಾತು ಕೇಳುತ್ತದೆ. ಮಾಲೀಕ ಹಿತೇಶ್ ಭಾಯಿಗೆ ಮಾತ್ರ ಅದನ್ನು ಕಂಡರೆ ನಾಚಿಕೆ. ಹೊರಗಿನ ಬೋರ್ಡಿನಲ್ಲಿ 'ಹೈ ಫೀಲ್ಡ್ ಎಂಆರ್‌ಐ' ಎಂದು ಕೆಂಪಕ್ಷರದಲ್ಲಿ ಬರೆಸಿ ಅಂಕಿಯನ್ನು ನುಂಗಿಕೊಂಡಿದ್ದಾರೆ.

ಮೂರರ ಮಷೀನಿನ ಮೇಲೆ ನನಗೆ ಹಗೆಯೇನಿಲ್ಲ. ಮೆದುಳು, ಮೊಣಕಾಲು ಇಂಥವುಗಳ ಚಿತ್ರವನ್ನು ಅದರಲ್ಲಿ ನೋಡಿದರೆ ಕಣ್ಣು ತಂಪಾಗುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ಹೊಟ್ಟೆ ಬೇರೆಯೇ ಸಂಗತಿ. ಅದು ಸುಮ್ಮನಿರುವ ಜಾಗವಲ್ಲ. ಉಸಿರಾಡಿದಾಗೆಲ್ಲ ಲಿವರ್ ಮೇಲೆ ಕೆಳಗೆ ಸರಿಯುತ್ತದೆ, ಕರುಳು ತನ್ನ ಪಾಡಿಗೆ ಹೊರಳುತ್ತಿರುತ್ತದೆ, ಒಂದು ಕಡೆ ಗಾಳಿ, ಇನ್ನೊಂದು ಕಡೆ ನೀರು. ಬಲ ಹೆಚ್ಚಾದರೆ ಕಾಣುವುದೂ ಹೆಚ್ಚಾಗುತ್ತದೆ, ತಂಟೆಯೂ ಹೆಚ್ಚಾಗುತ್ತದೆ. ಇದನ್ನೆಲ್ಲ ಫೋನಿನಲ್ಲಿ ಹೇಳಲು ಹೋದರೆ ಹಳೇ ಮಾಲು ಸಾಗಿಸಲು ನೋಡುತ್ತಿದ್ದಾಳೆ ಅಂದುಕೊಳ್ಳುತ್ತಾರೆ, ಅದಕ್ಕೆ ಹೇಳುವುದನ್ನೇ ಬಿಟ್ಟಿದ್ದೆ.

ಧರ್ಮಣ್ಣ ಬಂದದ್ದು ಹೋದ ವರ್ಷ ಫೆಬ್ರವರಿಯ ಒಂದು ಮಂಗಳವಾರ ಬೆಳಿಗ್ಗೆ. ಕೈಯಲ್ಲಿ ದೊಡ್ಡ ಲಕೋಟೆ, ಹೆಗಲಲ್ಲಿ ರೆಗ್ಜಿನ್ ಚೀಲ. ಹಿಂದೆ ಹೆಂಡತಿ ಕಸ್ತೂರಿಬಾಯಿ, ಇಳಕಲ್ ಸೀರೆಯ ಸೆರಗನ್ನು ತಲೆಗೆ ಹೊದ್ದು, ಕುರ್ಚಿ ಖಾಲಿ ಇದ್ದರೂ ಗೋಡೆಗೆ ಒರಗಿ ನಿಂತಿದ್ದರು. ಕೌಂಟರಿನ ಹುಡುಗಿಯ ಜೊತೆ ಧರ್ಮಣ್ಣ ಹಿಂದಿಯಲ್ಲಿ ಮಾತಾಡುತ್ತಿದ್ದರು. ನಡುವೆ ತಿರುಗಿ ಹೆಂಡತಿಗೆ "ನೀ ಕುಂಡ್ರು" ಅಂದದ್ದು ಒಳಗಿದ್ದ ನನ್ನ ಕಿವಿಗೆ ಬಿತ್ತು. ಆ 'ಕುಂಡ್ರು' ಕೇಳಿದ ಮೇಲೆ ನಾನು ಒಳಗೆ ಕೂರುವುದುಂಟೇ! ನಾನು ಹುಟ್ಟಿ ಬೆಳೆದದ್ದು ಆಂಟಾಪ್ ಹಿಲ್‌ನಲ್ಲಿ. ಅಬ್ಬಾ ವಿಜಾಪುರ ಕಡೆಯವರು. ಮನೆಯಲ್ಲಿ ದಖನಿ, ಓಣಿಯಲ್ಲಿ ಕನ್ನಡ, ಓದಿದ್ದು ಮುನಿಸಿಪಾಲ್ಟಿಯ ಕನ್ನಡ ಶಾಲೆಯಲ್ಲಿ. ಘಾಟ್ಕೋಪರಿನಲ್ಲಿ ಗುಜರಾತಿ ಕೇಳಿ ಕೇಳಿ ಕಿವಿ ದಣಿದವಳಿಗೆ ಇಂಥ ಒಂದು ಮಾತು ಸಿಕ್ಕರೆ ಊಟ ಸಿಕ್ಕ ಹಾಗೆ.

ಹೊರಗೆ ಬಂದು ಎಲ್ಲಿಯವರು ಎಂದು ಕೇಳಿದೆ. ಇಂಡಿ ತಾಲೂಕಿನವರಂತೆ, ಇಪ್ಪತ್ತಾರು ವರ್ಷದಿಂದ ಮುಂಬೈ. ಗ್ರಿಲ್ಲು, ಗೇಟು ಮಾಡುವ ವೆಲ್ಡಿಂಗ್ ಅಂಗಡಿ ಅವರದು, ಅದೂ ಆಂಟಾಪ್ ಹಿಲ್‌ನಲ್ಲೇ. ನನ್ನ ಅಣ್ಣ ಯೂನುಸನೂ ಅದೇ ಕಸುಬಿನವನು ಎಂದಾಗ ಧರ್ಮಣ್ಣನ ಮುಖ ಸ್ವಲ್ಪ ಸಡಿಲವಾಯಿತು. ಆಮೇಲೆ ದನಿ ತಗ್ಗಿಸಿ ಅದೇ ಪ್ರಶ್ನೆ ಕೇಳಿದರು: ಇದು ಎಷ್ಟರ ಮಷೀನು?

ಒಂದೂವರೆ ಅಂದೆ. ಅವರು ನೆಲ ನೋಡಿದರು. ನನಗೆ ರೇಗಿತು. ಬಾಯಿ ಬಿಡುವಷ್ಟರಲ್ಲಿ ಅವರು ನನ್ನನ್ನು ಬಾಗಿಲ ಆ ಕಡೆಗೆ ಕರೆದು, ಹೆಂಡತಿಗೆ ಕೇಳದ ಹಾಗೆ ಕೇಳಿದರು.

"ಮ್ಯಾಡಮ್ಮಾರ, ಮೊದಲ ಮೂರರ ಮಷೀನಿನಾಗ ನೋಡಿ ಆತು. ಈಗ ದವಾಖಾನಿ ಡಾಕ್ಟರು ಒಂದೂವರೆದ್ರಾಗ ಮಾಡಸು ಅಂತ ಬರದು ಕೊಟ್ಟಾರ. ಅಂದ್ರ ಅವರು ಕೈ ಬಿಟ್ಟಾರ ಅಂತ ಅಲ್ಲರಿ?"

ಸಿಟ್ಟು ಅಲ್ಲೇ ಇಳಿಯಿತು. ವಿಷಯ ಹೀಗಿತ್ತು. ಕಸ್ತೂರಿಬಾಯಿಗೆ ಮೂರು ತಿಂಗಳಿಂದ ಎದೆಗೂಡಿನ ಕೆಳಗೆ ನೋವು, ಉರಿ, ಊಟ ಸೇರುವುದಿಲ್ಲ. ಎಂಟು ಕಿಲೋ ಇಳಿದಿದ್ದರು. ಸೋನೋಗ್ರಫಿ ಮಾಡಿದವರು ಗಾಳಿ ತುಂಬಿ ಪ್ಯಾಂಕ್ರಿಯಾಸ್ ಕಾಣುತ್ತಿಲ್ಲ ಎಂದರು. ಪ್ಯಾಂಕ್ರಿಯಾಸ್ ಎಂಬ ಹೆಸರು ಈ ಮನೆಗೆ ಹೊಸದಲ್ಲ, ಕಸ್ತೂರಿಬಾಯಿಯ ಅಕ್ಕ ಅಂಬವ್ವ ತೀರಿಕೊಂಡದ್ದೇ ಅಲ್ಲಿ ಗಂಟಾಗಿ. ಧರ್ಮಣ್ಣ ಹಿಂದೆ ಮುಂದೆ ನೋಡದೆ ಇದ್ದುದರಲ್ಲಿ ದೊಡ್ಡ ಮಷೀನು ಎಲ್ಲಿದೆ ಎಂದು ವಿಚಾರಿಸಿ ಅಲ್ಲಿಗೇ ಕರೆದೊಯ್ದಿದ್ದರು. ರಿಪೋರ್ಟು ಬಂದ ದಿನ ಬಿ.ಕಾಂ. ಓದುವ ಮಗಳು ಭುವನೇಶ್ವರಿ ಅದನ್ನು ಓದಿ, ಮೊಬೈಲಿನಲ್ಲಿ ಅರ್ಥ ಹುಡುಕಿ, ಅಪ್ಪನ ಮುಂದೆ ಅತ್ತಿದ್ದಳು. ಗಂಟು ಇದೆ, ಅದನ್ನು ತೆಗೆಯಲು ಬರುವುದಿಲ್ಲ ಎಂದು ಬರೆದಿದ್ದಾರೆ ಅಂದಳಂತೆ.

ನಾನು ಲಕೋಟೆ ಇಸಿದುಕೊಂಡು ಓದಿದೆ. ಲೀಷನ್ ಕೆನಾಟ್ ಬಿ ಎಕ್ಸ್‌ಕ್ಲೂಡೆಡ್ ಎಂದಿತ್ತು. ಎಕ್ಸ್‌ಕ್ಲೂಡ್ ಎಂದರೆ ಹೊರಹಾಕು. ಮೊಬೈಲು ಹುಡುಗಿಗೆ ಹೇಳಿದ್ದು ಅಷ್ಟೇ, ಉಳಿದದ್ದನ್ನು ಭಯ ಹೇಳಿತ್ತು. ರಿಪೋರ್ಟಿನ ಬಗ್ಗೆ ಟೆಕ್ನಿಶಿಯನ್ ಬಾಯಿ ತೆರೆಯಬಾರದು, ಅದು ಡಾಕ್ಟರ ಕೆಲಸ. ಆದರೆ ಇದು ರಿಪೋರ್ಟಲ್ಲ, ಇಂಗ್ಲಿಷು.

"ಅಣ್ಣಾರ, ಗಂಟು ತೆಗೀಲಿಕ್ಕೆ ಬರೂದಿಲ್ಲ ಅಂತ ಇಲ್ಲಿ ಬರದಿಲ್ಲ," ಅಂದೆ. "ಗಂಟು ಇಲ್ಲ ಅಂತ ಖಾತ್ರಿ ಹೇಳಲಿಕ್ಕೆ ಬರೂದಿಲ್ಲ ಅಂತ ಬರದಾರ."

"ಅಂದ್ರ ಅದನೋ, ಇಲ್ಲೋ?"

"ಅವರಿಗೆ ಗೊತ್ತಾಗಿಲ್ಲ ಅಂತ ಅರ್ಥ. ಚಿತ್ರ ಕೆಟ್ಟಾವ."

ಧರ್ಮಣ್ಣ ಮೂರು ಸಲ ಕೇಳಿದರು, ನಾನು ಮೂರು ಸಲ ಹೇಳಿದೆ. ಹನ್ನೊಂದು ದಿನದಿಂದ ಆ ಮನೆಯಲ್ಲಿ ಅಪ್ಪ ಮಗಳು ಒಬ್ಬರ ಮುಖ ಒಬ್ಬರು ನೋಡಿರಲಿಲ್ಲವಂತೆ. ಕಸ್ತೂರಿಬಾಯಿಗೆ ಯಾರೂ ಏನೂ ಹೇಳಿರಲಿಲ್ಲ, ಹೇಳುವ ಅಗತ್ಯವೂ ಬಿದ್ದಿರಲಿಲ್ಲ. ಒಳ್ಳೆಯ ಸೀರೆಗಳನ್ನೆಲ್ಲ ತೆಗೆದು ಮಗಳ ಕಪಾಟಿಗೆ ಇಟ್ಟಿದ್ದರು. ಎರಡು ಅಕ್ಷರ ಹೆಚ್ಚು ಖರ್ಚು ಮಾಡಿ ಸರಿಯಾಗಿ ಬರೆದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ ಎಂದು ಆ ರಿಪೋರ್ಟು ಬರೆದ ಪುಣ್ಯಾತ್ಮನ ಮೇಲೆ ನನಗೆ ಈಗಲೂ ಸಿಟ್ಟಿದೆ.

ಲಕೋಟೆಯಲ್ಲಿದ್ದ ಸಿಡಿ ಹಾಕಿ ನೋಡಿದೆ. ಲಿವರ್ ಚೆನ್ನಾಗಿತ್ತು, ಮೂತ್ರಪಿಂಡ ಎರಡೂ ಗಾಜಿನಂತೆ ಕಾಣುತ್ತಿದ್ದವು. ಅವುಗಳ ಪಕ್ಕಕ್ಕೆ, ಪ್ಯಾಂಕ್ರಿಯಾಸಿನ ತಲೆ ಇರಬೇಕಾದ ಜಾಗದಲ್ಲಿ ನಿಂಬೆಹಣ್ಣಿಗಿಂತ ದೊಡ್ಡದಾದ ಒಂದು ಕಪ್ಪು ಬಿಲ. ಅಂಚಿನಲ್ಲಿ ಬೆಳ್ಳಗೆ ಒಂದು ಗೆರೆ. ಸುತ್ತಲಿನ ಕರುಳೆಲ್ಲ ಅದರ ಕಡೆಗೆ ಬಾಗಿದ ಹಾಗೆ. ಇಂಥ ಬಿಲವನ್ನು ನಾನು ಸಾವಿರ ಸಲ ನೋಡಿದ್ದೇನೆ. ಹಲ್ಲಿನ ಕ್ಯಾಪು, ಆಪರೇಷನ್ನಿನ ಕ್ಲಿಪ್ಪು, ಕುಪ್ಪಸದ ಹುಕ್ಕು ಇವೆಲ್ಲ ಹೀಗೆಯೇ ಚಿತ್ರವನ್ನು ತಿಂದುಹಾಕುತ್ತವೆ. ಎಲ್ಲಿ ಕಬ್ಬಿಣವಿದೆಯೋ ಅಲ್ಲಿ ಎಂಆರ್‌ಐ ಕುರುಡು. ಆದರೆ ಈ ಹೆಂಗಸಿನ ಹೊಟ್ಟೆಯೊಳಗೆ ಕಬ್ಬಿಣ ಹೇಗೆ ಹೋಯಿತು?

ಬಟ್ಟೆ ಬದಲಿಸುವ ಕೋಣೆಗೆ ಕಸ್ತೂರಿಬಾಯಿಯನ್ನು ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡೆ. ಆಪರೇಷನ್ ಆಗಿದೆಯೇ? ಇಲ್ಲ. ಕಾಪರ್-ಟಿ? ತೆಗೆಸಿ ಹತ್ತು ವರ್ಷವಾಯಿತು. ಪಿನ್ನು, ಸೂಜಿ, ನಾಣ್ಯ ಏನಾದರೂ ನುಂಗಿದ್ದೀರಾ? ಅವರು ನನ್ನನ್ನು ಅಯ್ಯೋ ಪಾಪ ಎನ್ನುವ ಹಾಗೆ ನೋಡಿದರು. ಹೊಟ್ಟೆಗೆ ಕಬ್ಬಿಣ ಹೋಗುವಂಥದ್ದು ಏನಾದರೂ ಮಾಡಿದ್ದೀರಾ ಎಂದು ನೇರವಾಗಿ ಕೇಳಿದೆ. ಕಬ್ಬಿಣ ಯಾರಾದರೂ ತಿನ್ನುತ್ತಾರೆಯೇ ತಂಗಿ, ಅಂದರು. ಔಷಧ? ಸರ್ಕಾರಿ ದವಾಖಾನೆಯ ಗುಳಿಗೆ ವಾಂತಿ ಬರುತ್ತದೆಂದು ನಾಲ್ಕು ತಿಂಗಳ ಹಿಂದೆಯೇ ಬಿಟ್ಟಿದ್ದಾರೆ. ನಾನು ಸೋತೆ. ಇನ್ನು ರೂಢಿಯ ಕೊನೆಯ ಪ್ರಶ್ನೆ, ಬೆಳಿಗ್ಗೆಯಿಂದ ಏನು ತಿಂದಿದ್ದೀರಿ?

"ಏನೂ ಇಲ್ಲ ತಂಗಿ. ಒಗ್ಗರಣಿ ಮಜ್ಜಿಗಿ ಅಷ್ಟ."

ಬೈದೆ. ನಾಲ್ಕು ತಾಸು ಹೊಟ್ಟೆ ಖಾಲಿ ಇರಬೇಕು ಎಂದು ಚೀಟಿಯಲ್ಲಿ ಕನ್ನಡ ಬಿಟ್ಟು ಉಳಿದೆಲ್ಲ ಭಾಷೆಯಲ್ಲಿ ಬರೆದಿದೆ. ಮಜ್ಜಿಗೆ ಏನು ಊಟವೇ, ನೀರಿದ್ದ ಹಾಗೆ, ಎಂದು ಅವರ ವಾದ. ಆ ದೊಡ್ಡ ಸೆಂಟರಿನಲ್ಲೂ ಹೇಳಿದ್ದರಂತೆ, ತಡ್ಕೇ ಕಾ ಛಾಸ್ ಎಂದು, ಅಲ್ಲಿನ ಹುಡುಗಿ ತಲೆಯಾಡಿಸಿ ಏನೋ ಬರೆದುಕೊಂಡಳಂತೆ. ನಾನೂ ಬರೆದುಕೊಳ್ಳುವವಳೇ ಇದ್ದೆ. ಪೆನ್ನು ಎತ್ತಿದವಳು ಸುಮ್ಮನಿರಲಾರದೆ, ಬೆಳಗಾಗೆದ್ದು ಸಾಸಿವೆ ಕರಿಬೇವು ಹಾಕಿದ ಮಜ್ಜಿಗೆ ಹೊಟ್ಟೆಗೆ ಸೇರುತ್ತದೆಯೇ ಎಂದು ಕೆಣಕಿದೆ.

ಕಸ್ತೂರಿಬಾಯಿ ಆ ದಿನ ಮೊದಲ ಸಲ ನಕ್ಕರು. "ಸಾಸಿವಿ ಎಲ್ಲಿದು ತಂಗಿ. ಇವರದು ಸಳಿ ಒಗ್ಗರಣಿ."

ಸಳಿ ಎಂದರೆ ಕಬ್ಬಿಣದ ಸರಳು. ಪೆನ್ನು ಕೆಳಗಿಟ್ಟೆ. ಒಂದೊಂದಾಗಿ ಬಿಡಿಸಿ ಕೇಳಿದೆ. ದೀಪಾವಳಿ ಹೊತ್ತಿಗೆ ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ ಏಳೂವರೆ ಬಂದಿತ್ತು. ಗುಳಿಗೆ ಆಗಿಬರಲಿಲ್ಲ. ಧರ್ಮಣ್ಣನಿಗೆ ತಾಯಿ ರುದ್ರವ್ವ ಊರಲ್ಲಿ ಬಾಣಂತಿಯರಿಗೆ ಮಾಡಿ ಕೊಡುತ್ತಿದ್ದ ಮಜ್ಜಿಗೆ ನೆನಪಾಯಿತು. ತಿಕ್ಕಿ ತೊಳೆದ ಕಬ್ಬಿಣದ ಸೌಟನ್ನು ಒಲೆಯಲ್ಲಿ ಕೆಂಪಗೆ ಕಾಯಿಸಿ ಮಜ್ಜಿಗೆಯಲ್ಲಿ ಒಂದು ಸಲ ಅದ್ದುವುದು, ಬಟ್ಟೆಯಲ್ಲಿ ಸೋಸಿ ಕುಡಿಸುವುದು. ಚುಂಯ್ ಎನ್ನುತ್ತದಲ್ಲ, ಅದಕ್ಕೇ ಈ ಮನೆಯಲ್ಲಿ ಅದರ ಹೆಸರು ಒಗ್ಗರಣೆ ಮಜ್ಜಿಗೆ. ವೆಲ್ಡಿಂಗ್ ಅಂಗಡಿಯವನಿಗೆ ಕಬ್ಬಿಣಕ್ಕೂ ಬೆಂಕಿಗೂ ಬರವೇ? ನಾಲ್ಕು ತಿಂಗಳಿಂದ ದಿನಾ ಬೆಳಿಗ್ಗೆ ಏಳಕ್ಕೆ ಶಟರು ಎತ್ತಿ, ಗ್ಯಾಸಿನ ಉರಿಯಲ್ಲಿ ಸಳಿ ಕಾಯಿಸಿ, ತಂಬಿಗೆಯಲ್ಲಿ ಅದ್ದಿ, ಮನೆಗೆ ತಂದು ಹೆಂಡತಿಗೆ ಕುಡಿಸಿ, ಆಮೇಲೆ ಮತ್ತೆ ಅಂಗಡಿಗೆ ಹೋಗುತ್ತಿದ್ದರು.

ಕಸ್ತೂರಿಬಾಯಿಯನ್ನು ಅಲ್ಲೇ ಕೂರಿಸಿ ಹೊರಗೆ ಬಂದೆ. ಎಷ್ಟು ಸಲ ಅದ್ದುತ್ತೀರಿ ಎಂದು ಧರ್ಮಣ್ಣನನ್ನು ಕೇಳಿದೆ. ಐದು ಸಲ, ಅಂದರು ಹೆಮ್ಮೆಯಿಂದ. ಅವ್ವ ಒಂದೇ ಸಲ ಅದ್ದುತ್ತಿದ್ದಳು, ಆದರೆ ಅಷ್ಟರಲ್ಲಿ ಏನು ಬಂದೀತು? ಸೋಸುತ್ತೀರಾ? ಇಲ್ಲ, ಸೋಸಿದರೆ ಕಸುವು ಬಟ್ಟೆಗೆ ಹೋಗುತ್ತದೆ. ಸಳಿ ಯಾವುದು? ಸ್ಟಾಕಿನಲ್ಲಿರುವುದು, ಹತ್ತು ಎಂಎಂ. ಹೆಚ್ಚಾದಷ್ಟು ಚಲೋ ಅಲ್ಲವೇ ಎಂದು ಅವರೇ ನನ್ನನ್ನು ಕೇಳಿದರು. ಎಷ್ಟು ಟೆಸ್ಲಾ ಎಂದು ಕೇಳುವ ಬಾಯೇ ಇದು ಎಂದು ಮನಸ್ಸಿನಲ್ಲಿ ಅಂದುಕೊಂಡೆ.

ಸ್ಕ್ಯಾನ್ ಆದ ಮೇಲೆ ಹೆಂಡತಿಗೆ ಸುಸ್ತಾದೀತೆಂದು ಉಳಿದ ಮಜ್ಜಿಗೆಯನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ಹಾಕಿ ಚೀಲದಲ್ಲಿ ತಂದಿದ್ದರು. ಕೊಡಿ ಅಂದೆ. ಮಷೀನಿನ ಕೋಣೆಗೆ ಹೋಗುವವರ ಮೈಮೇಲಿನ ಲೋಹ ಪರೀಕ್ಷಿಸಲು ನಮ್ಮಲ್ಲಿ ಒಂದು ಕೈ ಅಯಸ್ಕಾಂತ ಇಟ್ಟಿರುತ್ತೇವೆ, ಸಾಬೂನಿನ ಬಿಲ್ಲೆಯಷ್ಟು ದೊಡ್ಡದು. ಅದನ್ನು ಬಾಟಲಿಯ ಹೊರಗಿನಿಂದ ತಳಕ್ಕೆ ಹಿಡಿದೆ. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಬಿಳಿ ಮಜ್ಜಿಗೆಯೊಳಗಿಂದ ಕರಿ ಕಣಗಳು ಒಂದೊಂದಾಗಿ ಬಂದು ಪ್ಲಾಸ್ಟಿಕ್ಕಿಗೆ ಅಂಟಿಕೊಂಡವು. ಅಯಸ್ಕಾಂತವನ್ನು ಮೇಲಕ್ಕೆ ಜಾರಿಸಿದೆ. ಇರುವೆ ಸಾಲಿನ ಹಾಗೆ ಅವೂ ಮೇಲಕ್ಕೆ ಹತ್ತಿದವು.

ಧರ್ಮಣ್ಣ ಬಾಟಲಿ ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದರು. "ಇದು ಸಳಿ ಮ್ಯಾಲಿನ ಹೊಪ್ಪಳಿರಿ," ಅಂದರು. ಕೆಂಪಗೆ ಕಾದ ಕಬ್ಬಿಣ ತಣ್ಣಗಾಗುವಾಗ ಮೇಲಿನಿಂದ ಉದುರುವ ಕರಿ ಪದರು ಅದು, ದಿನಾ ಅಂಗಡಿಯಲ್ಲಿ ಕಸಬರಿಗೆಯಿಂದ ಗುಡಿಸಿ ಹಾಕುವಂಥದ್ದು. ತಾವು ಹೇಳಿದ್ದು ಏನೆಂದು ತಮಗೇ ಕೇಳಿಸಿ ಅವರು ಕುರ್ಚಿಯಲ್ಲಿ ಕೂತುಬಿಟ್ಟರು.

ನಮ್ಮ ರೇಡಿಯಾಲಜಿಸ್ಟ್ ಡಾಕ್ಟರ್ ಯಕ್ಷಿತಾಳನ್ನು ಕರೆದೆ. ಹುಟ್ಟಿದ್ದು ಮುಂಬೈಯಲ್ಲೇ, ಮನೆಮಾತು ತುಳು, ಕನ್ನಡ ಪೂರ್ತಿ ಅರ್ಥವಾಗುತ್ತದೆ, ಮಾತಾಡಲು ಹೋದರೆ ನಾಲ್ಕನೇ ಶಬ್ದಕ್ಕೆ ಹಿಂದಿಗೆ ಜಾರುತ್ತಾಳೆ. ಬಾಟಲಿ ನೋಡಿದಳು, ಸಿಡಿ ನೋಡಿದಳು, ತಲೆ ಮೇಲೆ ಕೈ ಇಟ್ಟುಕೊಂಡಳು. ಹೊಟ್ಟೆಯಲ್ಲಿ ಇಷ್ಟು ಕಬ್ಬಿಣ ಇಟ್ಟುಕೊಂಡು ಯಾವ ಮಷೀನಿಗೂ ಹಾಕುವುದು ಬೇಡ, ಮೊದಲು ಎಕ್ಸ್‌ರೇ ಎಂದು ತೀರ್ಮಾನಿಸಿದಳು. ಎಕ್ಸ್‌ರೇಯಲ್ಲಿ ಕಸ್ತೂರಿಬಾಯಿಯ ಹೊಟ್ಟೆಯ ತುಂಬ ಸಾಸಿವೆ ಚೆಲ್ಲಿದ ಹಾಗೆ ಚುಕ್ಕೆಗಳು. ಹತ್ತು ಹನ್ನೆರಡು ದಿನ ಆ ಮಜ್ಜಿಗೆ ಮುಟ್ಟಬಾರದು, ಹೊಟ್ಟೆ ತಾನಾಗಿ ತೊಳೆದುಹೋಗಬೇಕು, ಮತ್ತೆ ಎಕ್ಸ್‌ರೇ ಮಾಡಿ ಆಮೇಲೆ ಸ್ಕ್ಯಾನ್. ಅದೂ ಇಲ್ಲೇ, ಒಂದೂವರೆಯಲ್ಲೇ.

ಇಲ್ಲೇ ಎಂದದ್ದು ಧರ್ಮಣ್ಣನಿಗೆ ಇನ್ನೂ ನುಂಗಲಾಗಲಿಲ್ಲ. ಹೊಪ್ಪಳೆ ಹೋದ ಮೇಲೆ ಆ ದೊಡ್ಡದಕ್ಕೇ ಮತ್ತೆ ಹೋದರೆ ಆಗದೇ ಎಂದು ಗೊಣಗಿದರು. ಆಗ ನನಗೆ ಅಣ್ಣ ಯೂನುಸ ತನ್ನ ಕೆಲಸಗಾರರಿಗೆ ದಿನಾ ಬೈಯುವ ಮಾತು ನೆನಪಾಯಿತು.

"ಅಣ್ಣಾರ, ತೆಳು ಶೀಟಿಗೆ ನೂರೈವತ್ತು ಆಂಪ್ ಇಟ್ಟು ವೆಲ್ಡ್ ಹೊಡದ್ರ ಏನ ಆಗ್ತದ?"

"ತೂತು ಬೀಳ್ತದ."

"ಯಾಕ? ಹೆಚ್ಚಾದಷ್ಟೂ ಚಲೋ ಅಲ್ಲೇನು?"

"ಮಾಲ ನೋಡಿ ಆಂಪ್ ಇಡಬೇಕ್ರಿ," ಅಂದರು ಮೆಲ್ಲಗೆ.

ಹೊಟ್ಟೆಯೂ ಹಾಗೇ ಅಂದೆ. ಹನ್ನೆರಡು ದಿನವಾದರೂ ಎಲ್ಲೋ ಒಂದೆರಡು ಕಣ ಉಳಿಯದೆ ಇರುವುದಿಲ್ಲ. ಒಂದು ಕಣ ಉಳಿದರೂ ಮೂರರಲ್ಲಿ ಬೀಳುವ ತೂತು ದೊಡ್ಡದು, ಒಂದೂವರೆಯಲ್ಲಿ ಹೆಚ್ಚು ಕಡಿಮೆ ಅದರ ಅರ್ಧ. ಡಾಕ್ಟರು ಸಣ್ಣದಕ್ಕೆ ಕಳಿಸಿದ್ದು ಕೈ ಬಿಟ್ಟು ಅಲ್ಲ, ತಲೆ ಓಡಿಸಿ. ಧರ್ಮಣ್ಣ ಎದ್ದು ನಿಂತು ನನ್ನ ಮಷೀನಿನ ಬಾಗಿಲಿನ ಕಡೆ ಹೊಸದಾಗಿ ನೋಡಿದ ಹಾಗೆ ನೋಡಿದರು. ಹದಿಮೂರು ವರ್ಷದಲ್ಲಿ ಅದನ್ನು ಯಾರೂ ಹಾಗೆ ನೋಡಿರಲಿಲ್ಲ, ನನಗೆ ಒಳಗೊಳಗೇ ಖುಷಿಯಾಯಿತು.

ಆದರೆ ಹೋಗುವ ಮುಂಚೆ ಅವರು ಕೇಳಿದ್ದು ನನ್ನ ಖುಷಿಯನ್ನೆಲ್ಲ ಇಳಿಸಿತು. ಹೊಪ್ಪಳೆ ಹೋದ ಮೇಲೆ ಅದರ ಕೆಳಗೆ ಏನಾದರೂ ಇದ್ದರೆ? ಕಪ್ಪು ಯಾಕೆ ಬಂತು ಎಂದು ಗೊತ್ತಾಗಿತ್ತು, ಕಪ್ಪಿನ ಹಿಂದೆ ಏನಿದೆ ಎಂದು ಗೊತ್ತಿರಲಿಲ್ಲ. ಎಂಟು ಕಿಲೋ ಇಳಿದದ್ದು ಸುಳ್ಳಲ್ಲ. ಅಕ್ಕ ಹೋದದ್ದು ಸುಳ್ಳಲ್ಲ. ಬಿಲದೊಳಗೆ ಹಾವು ಇರಲೂಬಹುದು, ಇಲ್ಲದಿರಲೂಬಹುದು.

ಆ ಹನ್ನೆರಡು ದಿನ ನನಗೂ ನೆಮ್ಮದಿ ಇರಲಿಲ್ಲ. ಪೇಷಂಟುಗಳ ಬಗ್ಗೆ ಮನೆಗೆ ಹೋಗಿ ಯೋಚಿಸುವ ಅಭ್ಯಾಸ ನನಗಿಲ್ಲ. ದಿನಕ್ಕೆ ಹದಿನಾಲ್ಕು ಜನ ಬರುತ್ತಾರೆ, ಎಲ್ಲರನ್ನೂ ತಲೆಯಲ್ಲಿಟ್ಟುಕೊಂಡರೆ ತಲೆ ಉಳಿಯುವುದಿಲ್ಲ. ಆದರೂ ಕುರ್ಲಾದಲ್ಲಿ ಲೋಕಲ್ ಬದಲಿಸುವಾಗ, ರೊಟ್ಟಿ ಬಡಿಯುವಾಗ ಆ ಬಿಳಿ ಅಂಚಿನ ಕಪ್ಪು ಕಣ್ಣ ಮುಂದೆ ಬರುತ್ತಿತ್ತು. ಇಷ್ಟೆಲ್ಲ ಸಮಾಧಾನ ಹೇಳಿ ಕಳಿಸಿದ್ದೇನಲ್ಲ, ನಾಳೆ ಗಂಟೇ ಕಂಡರೆ ಅವರ ಮುಖ ಹೇಗೆ ನೋಡಲಿ ಎಂಬ ಹೆದರಿಕೆ.

ಹದಿಮೂರನೇ ದಿನ ಬಂದರು. ಕಸ್ತೂರಿಬಾಯಿ ಈ ಸಲ ಕುರ್ಚಿಯಲ್ಲಿ ಕೂತಿದ್ದರು. ನೋವು ಹೇಗಿದೆ ಎಂದರೆ ಸ್ವಲ್ಪ ಕಡಿಮೆ ಅಂದರು. ಅದು ನಿಜವಾಗಿ ಕಡಿಮೆಯೋ, ನನ್ನನ್ನು ಸಂತೋಷಪಡಿಸಲು ಹೇಳಿದ್ದೋ ತಿಳಿಯಲಿಲ್ಲ. ಎಕ್ಸ್‌ರೇಯಲ್ಲಿ ಚುಕ್ಕೆ ಎರಡೋ ಮೂರೋ ಉಳಿದಿದ್ದವು, ಅವೂ ಕೆಳಗೆ ದೊಡ್ಡ ಕರುಳಿನ ಕೊನೆಯಲ್ಲಿ. ಯಕ್ಷಿತಾ ಆಗಲಿ ಅಂದಳು. ಮಲಗಿಸಿ, ಹೊಟ್ಟೆಯ ಮೇಲೆ ಚಿತ್ರ ಹಿಡಿಯುವ ಕಾಯಿಲ್ ಕಟ್ಟಿ, ಕೈಗೆ ಕರೆಗಂಟೆ ಕೊಟ್ಟು ಒಳಗೆ ಸರಿಸಿದೆ.

ಹೊಟ್ಟೆಯ ಸ್ಕ್ಯಾನಿನಲ್ಲಿ ಉಸಿರೇ ಅರ್ಧ ಕೆಲಸ. ಹೇಳಿದಾಗ ಬಿಡಬೇಕು, ಬಿಟ್ಟು ಹಾಗೇ ತಡೆಯಬೇಕು, ಪ್ರತಿ ಸಲ ಹದಿನೆಂಟು ಸೆಕೆಂಡು. ನಮ್ಮ ಮಷೀನಿನಲ್ಲಿ ಅದನ್ನು ಹೇಳುವ ಹಿಂದಿ ದನಿ ಇದೆ, ಸರ್ಕಾರಿ ಜಾಹೀರಾತಿನ ಹೆಂಗಸಿನಂತೆ. ಅದನ್ನು ಆರಿಸಿ ಮೈಕು ನಾನೇ ತೆಗೆದುಕೊಂಡೆ. ಉಸಿರು ತಗೋರಿ ಅಕ್ಕಾರ, ಪೂರಾ ಬಿಡ್ರಿ, ಈಗ ತಡೀರಿ. ರಕ್ತ ಕಡಿಮೆ ಇದ್ದ ಜೀವ, ಮೊದಲ ಸಲ ಹತ್ತಕ್ಕೇ ಸೋತರು. ಚಿತ್ರ ಅಲುಗಿ ಮಸುಕಾಯಿತು. ನಡುವೆ ಬಿಡುವು ಕೊಟ್ಟೆ, ಸೆಟ್ಟಿಂಗ್ ಬದಲಿಸಿ ಸಮಯವನ್ನು ಹದಿನಾಲ್ಕಕ್ಕೆ ಇಳಿಸಿದೆ. ಇನ್ನೊಂದು ಸಲ, ಮತ್ತೊಂದು ಸಲ. ಏಳನೆಯದರ ಹೊತ್ತಿಗೆ ಅವರಿಗೂ ನನಗೂ ತಾಳ ಕೂಡಿತು.

ಚಿತ್ರಗಳು ಬರತೊಡಗಿದವು. ಮೇಲಿನಿಂದ ಒಂದೊಂದೇ ಪದರು. ಲಿವರ್, ಪಿತ್ತಕೋಶ, ಜಠರ. ಮುಂದಿನದು ಒತ್ತುವಾಗ ನನ್ನ ಬೆರಳು ನಿಂತಿತು, ಹದಿಮೂರು ವರ್ಷದಲ್ಲಿ ಮೊದಲ ಸಲ. ಒತ್ತಿದೆ. ಬಿಲ ಇರಲಿಲ್ಲ. ಅದಿದ್ದ ಜಾಗದಲ್ಲಿ ಪ್ಯಾಂಕ್ರಿಯಾಸಿನ ತಲೆ, ಬೂದು ಬಣ್ಣದಲ್ಲಿ, ಅಂಚು ಸುಕ್ಕು ಸುಕ್ಕಾಗಿ, ಪುಸ್ತಕದಲ್ಲಿ ಇರುವ ಹಾಗೆ. ನಡುವೆ ದಾರದಷ್ಟು ತೆಳ್ಳಗೆ ಅದರ ನಾಳ, ಪಕ್ಕದಲ್ಲಿ ಪಿತ್ತನಾಳ, ಎರಡೂ ಸಲೀಸಾಗಿ ಇಳಿದು ಕರುಳಿಗೆ ಸೇರಿದ್ದವು. ಮುಂದಿನ ಪದರು, ಅದರ ಮುಂದಿನದು. ಎಲ್ಲಿಯೂ ಏನೂ ಇರಲಿಲ್ಲ. ಬಾಗಿಲ ಗಾಜಿನ ಆಚೆ ಧರ್ಮಣ್ಣ ನನ್ನ ಮುಖವನ್ನೇ ನೋಡುತ್ತಿದ್ದಾರೆಂದು ಗೊತ್ತಿತ್ತು. ಡಾಕ್ಟರು ಹೇಳುವವರೆಗೆ ನಾನು ಹೇಳುವಂತಿಲ್ಲ. ಮುಖ ಕಲ್ಲು ಮಾಡಿಕೊಂಡು ಕೂತೆ. ಕಣ್ಣು ಮಾತ್ರ ಮಾತು ಕೇಳಲಿಲ್ಲ, ಕುರ್ಚಿ ತಿರುಗಿಸಿಕೊಂಡೆ.

ಯಕ್ಷಿತಾ ಬಂದು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಮೂರು ಸಲ ನೋಡಿದಳು. "ಕ್ಲೀನ್ ಹೈ, ಹಸೀನಾ," ಅಂದಳು. ಹೊರಗೆ ಹೋಗಿ ಧರ್ಮಣ್ಣನಿಗೆ ಹೇಳಲು ನಾನು ಎದ್ದೆ, ಅವಳು ಕೈ ಅಡ್ಡ ಹಿಡಿದಳು. ತಾನೇ ಹೋಗಿ ಅವರ ಮುಂದೆ ನಿಂತು, ಪರೀಕ್ಷೆಗೆ ಬಾಯಿಪಾಠ ಮಾಡಿದ ಮಗುವಿನ ಹಾಗೆ ಬಿಡಿಸಿ ಬಿಡಿಸಿ ಅಂದಳು: "ಗಂಟು. ಇಲ್ಲ."

ಧರ್ಮಣ್ಣ ಕೈ ಮುಗಿಯಲು ಎತ್ತಿದವರು ಅರ್ಧಕ್ಕೆ ಮರೆತು ಹಾಗೇ ಹಿಡಿದುಕೊಂಡು ನಿಂತರು. ಆಮೇಲೆ ಮಗಳಿಗೆ ಫೋನ್ ಮಾಡಿ, "ಭುವನಾ, ಏನೂ ಇಲ್ಲಂತ ನೋಡು, ಏನೂ ಇಲ್ಲಂತ," ಎಂದು ಅದನ್ನೇ ಹೇಳಿದರು. ರಿಪೋರ್ಟಿನಲ್ಲಿ 'ಗಂಟು ಇಲ್ಲ' ಎಂದಷ್ಟೇ ಬರೆಯಬೇಕು, ಬೇರೆ ಚಮತ್ಕಾರ ಬೇಡ ಎಂದು ಯಕ್ಷಿತಾಳಿಗೆ ತಾಕೀತು ಮಾಡಿದೆ. ಅವಳು ನನಗಿಂತ ಹತ್ತು ವರ್ಷ ಚಿಕ್ಕವಳು, ನಕ್ಕು ಹೂಂ ಅಂದಳು.

ಕಸ್ತೂರಿಬಾಯಿ ಬಟ್ಟೆ ಬದಲಿಸಿ ಬಂದ ಮೇಲೆ ಯಕ್ಷಿತಾ ಉಳಿದದ್ದನ್ನು ಹಿಂದಿಯಲ್ಲಿ ವಿವರಿಸಿದಳು. ದಿನಾ ಖಾಲಿ ಹೊಟ್ಟೆಗೆ ಕಬ್ಬಿಣದ ಪುಡಿ ಬಿದ್ದು ಜಠರದ ಒಳಪದರು ಕೆರಳಿರಬಹುದು, ನೋವು ಉರಿ ಅದರದ್ದೇ ಇರಬಹುದು, ಅದನ್ನು ಆಸ್ಪತ್ರೆಯ ಡಾಕ್ಟರು ನೋಡುತ್ತಾರೆ. ರಕ್ತಕ್ಕೆ ಕಬ್ಬಿಣವನ್ನು ಸಲೈನಿನಲ್ಲೂ ಕೊಡುತ್ತಾರೆ, ಹೆದರಬೇಡಿ. ಧರ್ಮಣ್ಣನ ಮುಖದ ಬೆಳಕು ಅಲ್ಲಿಗೆ ಆರಿತು. ಇಷ್ಟು ದಿನ ಯಾವ ರೋಗಕ್ಕೆ ಹೆದರಿದ್ದರೋ ಅದು ತಾವೇ ತಂಬಿಗೆಯಲ್ಲಿ ತಂದು ಕೊಟ್ಟದ್ದು. ನೋವು ಹೆಚ್ಚಾದಾಗ ಕಸುವು ಸಾಲದೆಂದು ಇನ್ನೆರಡು ಸಲ ಹೆಚ್ಚಿಗೆ ಅದ್ದಿದ್ದೂ ಇದೆ ಎಂದು ಒಪ್ಪಿಕೊಂಡರು.

ನನಗೆ ಒಂದು ವಿಷಯ ಅರ್ಥವಾಗಿರಲಿಲ್ಲ, ಅದನ್ನು ಇಟ್ಟುಕೊಂಡು ಮನೆಗೆ ಹೋಗುವ ಜಾಯಮಾನ ನನ್ನದಲ್ಲ. ಕಸ್ತೂರಿಬಾಯಿಯನ್ನು ಕೇಳಿದೆ, ಕುಡಿದ ಕೂಡಲೇ ಉರಿಯುತ್ತಿತ್ತೋ? ಹೂಂ, ಕುಡಿದ ಕೂಡಲೇ. ಅದರಿಂದಲೇ ಎಂದು ಅನಿಸಿರಲಿಲ್ಲವೋ? ಅನಿಸಿತ್ತು. ಮತ್ತೆ ಯಾಕೆ ಕುಡಿದಿರಿ ಎಂದು ದನಿ ಏರಿಸಿಯೇ ಕೇಳಿದೆ.

ಅವರು ಸೆರಗು ಸರಿಮಾಡಿಕೊಂಡರು. ಗಂಡನ ಕಡೆ ನೋಡಲಿಲ್ಲ.

"ಇಪ್ಪತ್ತಾರ ವರ್ಷದಾಗ ನನಗಂತ ಇವರು ಕೈಯಾರೆ ಮಾಡಿ ಕೊಟ್ಟಿದ್ದು ಅದೊಂದ ತಂಗಿ. ಬ್ಯಾಡ ಅಂದ್ರ ನಾಳಿಂದ ಕೊಡೂದಿಲ್ಲಲ್ಲ."

ಕೌಂಟರಿನ ಹುಡುಗಿಗೆ ಕನ್ನಡ ಬರುವುದಿಲ್ಲ, ಏನಾಯಿತೆಂದು ನಮ್ಮನ್ನೇ ನೋಡುತ್ತಿದ್ದಳು. ಯಕ್ಷಿತಾಳಿಗೆ ಅರ್ಥವಾಗಿತ್ತು, ಅವಳು ಕಂಪ್ಯೂಟರಿನ ಕಡೆ ತಿರುಗಿ ಏನೋ ಟೈಪು ಮಾಡತೊಡಗಿದಳು. ಧರ್ಮಣ್ಣ ಲಕೋಟೆಯನ್ನು ಚೀಲಕ್ಕೆ ಹಾಕಿದರು, ಹೊರತೆಗೆದರು, ಮತ್ತೆ ಹಾಕಿದರು.

ಅವರನ್ನು ಗೇಟಿನವರೆಗೆ ಕಳಿಸಲು ಹೋದೆ. ಮುಂದಿನ ಪೇಷಂಟ್ ಕಾಯುತ್ತಿದ್ದರು, ಕಾಯಲಿ ಎನಿಸಿತು. ಹೊರಗೆ ಬಿಸಿಲು, ರಸ್ತೆಯಲ್ಲಿ ರಿಕ್ಷಾಗಳ ಗದ್ದಲ, ಮೇಲೆ ಮೆಟ್ರೋ ಸರಿದುಹೋಯಿತು. ಧರ್ಮಣ್ಣ ಹೆಂಡತಿಯ ಕೈಯಲ್ಲಿದ್ದ ಚೀಲವನ್ನೂ ತೆಗೆದು ತಮ್ಮ ಹೆಗಲಿಗೇ ಹಾಕಿಕೊಂಡರು. ನಾಲ್ಕು ಹೆಜ್ಜೆ ಹೋದವರು ನಿಂತರು.

"ನಾಳಿಂದ ಮುಂಜಾನೆ ಚಾ ಮಾಡಿ ಕೊಡ್ತೀನಿ," ಅಂದರು. "ಸಕ್ಕರಿ ಎಷ್ಟ ಬೇಕು ನಿನಗ?"

"ನಾ ಚಾ ಬಿಟ್ಟು ಒಂಬತ್ತ ವರ್ಷ ಆತು."

ಧರ್ಮಣ್ಣ ಹೆಂಡತಿಯನ್ನು ನೋಡಿದರು. ಸಂಸಾರ ಮಾಡಿದ ಮನುಷ್ಯ, ಒಂಬತ್ತು ವರ್ಷ ದಿನಾ ಬೆಳಿಗ್ಗೆ ತಾವೊಬ್ಬರೇ ಚಾ ಕುಡಿದು ಎದ್ದು ಹೋಗಿದ್ದಾರೆ. ಬೈಯಬೇಕು ಅಂದುಕೊಂಡೆ, ಅವರ ಮುಖ ನೋಡಿ ಬಿಟ್ಟೆ.

"ಮತ್ತ ಏನ ಕುಡಿತಿ ನೀ?" ಎಂದು ಕೇಳಿದರು.

ಇದನ್ನು ಕಸ್ತೂರಿಬಾಯಿಗೆ ಯಾರೂ ಕೇಳಿದ್ದಿಲ್ಲ ಎಂದು ಕಾಣುತ್ತದೆ. ರಸ್ತೆಯ ಆ ಬದಿ ನೋಡಿದರು. ಆಮೇಲೆ ಗಂಡನಿಗಿಂತ ಮುಂದೆ ನಡೆಯುತ್ತ ಅಂದರು:

"ವಿಚಾರ ಮಾಡಿ ಹೇಳ್ತೀನಿ. ಈಗೇನ ಗಡಬಡಿ ಅದ?"